ಹತ್ತನೆಯ ಕಲ್ಲಿನ ಕೆಳಸಾಲು

ಮಾರ್ಚ್ ೪, ಸೋಮವಾರ

ಕೆಲಸ ನಮಗೇ ಬಂತು. ಬರದೆ ಎಲ್ಲಿಗೆ ಹೋಗುತ್ತದೆ? ಊರಿನಲ್ಲಿ ಕಲ್ಲಿನ ಮೇಲೆ ಅಕ್ಷರ ಕೊರೆಯುವ ಅಂಗಡಿ ಮೂರಿವೆ. ಒಂದರಲ್ಲಿ ಎಲ್ಲವೂ ಯಂತ್ರದ್ದು, ಇನ್ನೊಂದರವರು ಮನೆಯ ನಾಮಫಲಕ ಬಿಟ್ಟು ಬೇರೆ ಮುಟ್ಟುವುದಿಲ್ಲ. ಕೈಯಲ್ಲಿ ಉಳಿ ಹಿಡಿದು, ಅಪ್ಪ ಬರೆಯುತ್ತಿದ್ದ ಆ ದುಂಡು ಅಕ್ಷರವನ್ನು ಕಲ್ಲಿಗೆ ಇಳಿಸಲು ಬರುವುದು ನನಗೊಬ್ಬಳಿಗೇ.

ಆಸ್ಪತ್ರೆಯ ಹಿರಿಯ ನರ್ಸ್ ತಾವೇ ಮನೆಗೆ ಬಂದಿದ್ದರು. ಹೊಸ ಕಟ್ಟಡದಲ್ಲಿ ಒಂದು ಮೌನದ ಕೋಣೆ ಮಾಡಿದ್ದಾರಂತೆ. ಒಳಗೆ ಶಸ್ತ್ರಚಿಕಿತ್ಸೆ ನಡೆಯುವಾಗ ಹೊರಗೆ ಕಾಯುವವರು ಯಾವ ಧರ್ಮದವರಾದರೂ ಅಲ್ಲಿ ಕೂತುಕೊಳ್ಳಬಹುದು. ಗೋಡೆಯಲ್ಲಿ ಹತ್ತು ಕರಿಕಲ್ಲುಗಳು. ಪ್ರತಿ ಕಲ್ಲಿನಲ್ಲಿ ಮೇಲೆ ದೊಡ್ಡದಾಗಿ ಒಂದು ಗುಣ, ಕೆಳಗೆ ಚಿಕ್ಕದಾಗಿ ಅದಕ್ಕೆ ವಿರುದ್ಧವಾದದ್ದು. ಯಾವ ಗುಣ ಎಂದು ಆರಿಸಿಕೊಟ್ಟವರು ಒಬ್ಬ ಶಾಸ್ತ್ರಿಗಳು, ಒಬ್ಬ ಪಾದ್ರಿಗಳು, ಒಬ್ಬ ಮೌಲ್ವಿಗಳು ಮತ್ತು ಒಬ್ಬ ಭಿಕ್ಷುಣಿ. ನಾಲ್ವರೂ ಒಪ್ಪಿದ್ದು ಮಾತ್ರ ಕಲ್ಲಿಗೆ.

"ಏಪ್ರಿಲ್ ಇಪ್ಪತ್ತೇಳಕ್ಕೆ ಉದ್ಘಾಟನೆ. ಆಗುತ್ತಾ?" ಅಂದರು ನರ್ಸ್.

"ಇಪ್ಪತ್ತಕ್ಕೇ ಮುಗಿಸಿ ಕಾಯ್ತಾ ಕೂತಿರ್ತೀನಿ" ಅಂದೆ.

ಮಾರ್ಚ್ ೬, ಬುಧವಾರ

ಪಟ್ಟಿ ಬಂತು. ಅಕ್ಷರಗಳನ್ನು ಕಾಗದದ ಮೇಲೆ ಬರೆಯುತ್ತಾ ಕೂತವಳಿಗೆ ನಗು ತಡೆಯಲಾಗಲಿಲ್ಲ. ಕೆಳಸಾಲಿನ ದುರ್ಗುಣಗಳಿಗೆಲ್ಲ ನನಗೆ ಮುಖಗಳು ಗೊತ್ತು. ಲೋಭ ಎಂದರೆ ಎದುರು ಸಾಲಿನ ಔಷಧಿ ಅಂಗಡಿಯವರು. ಅಸೂಯೆ ನಮ್ಮ ಅತ್ತಿಗೆ. ನಮ್ಮ ಮನೆಯ ಹೊಸ ಪರದೆಗಳನ್ನು ನೋಡಿ ಹೋಗಿ ಮೂರು ದಿನ ತಲೆನೋವೆಂದು ಮಲಗಿದವಳು. ಆಲಸ್ಯ ನಮ್ಮ ಮನೆಯವರು. ಬಸ್ ನಿಲ್ದಾಣದಲ್ಲಿ ಕೂತು ಊರಿನ ಬಸ್ಸುಗಳಿಗೆಲ್ಲ ಸಮಯ ಹೇಳುವ ಮನುಷ್ಯನಿಗೆ ಅಡುಗೆಮನೆಯ ನಲ್ಲಿ ನೋಡಲು ಎರಡು ವರ್ಷದಿಂದ ಸಮಯ ಸಿಕ್ಕಿಲ್ಲ. ಕೋಪ ಅಮ್ಮನದು. ಎಂಬತ್ತಮೂರಾದರೂ ಅದೊಂದಕ್ಕೆ ಇನ್ನೂ ಹಲ್ಲು ಗಟ್ಟಿ.

ಗರ್ವಕ್ಕೆ ಯೋಚಿಸಬೇಕಾಗಲೇ ಇಲ್ಲ. ಎಡಚ. ಅಪ್ಪನ ಹತ್ತಿರ ಹನ್ನೊಂದು ವರ್ಷ ಕಲಿತವನು. ಎಡಗೈಯಲ್ಲಿ ಸುತ್ತಿಗೆ ಹಿಡಿಯುತ್ತಿದ್ದ ಎಂದು ಅಪ್ಪನೇ ಇಟ್ಟ ಹೆಸರು. ಹದಿನಾಲ್ಕು ವರ್ಷದ ಹಿಂದೆ ಗ್ರಂಥಾಲಯದ ಬಾಗಿಲಿನ ಕಲ್ಲು ಒಡೆದಾಗ ಅಪ್ಪ ಅವನನ್ನು ಹೊರಗೆ ಹಾಕಿದರು. ಹೋಗುವಾಗ ಅವನು ಒಂದು ಮಾತೂ ಆಡಲಿಲ್ಲ. ಚೀಲ ತೆಗೆದುಕೊಂಡ, ಹೋದ. ಅಷ್ಟು ಬಿಗುಮಾನ.

ಮೇಲಿನ ಸಾಲಿನ ಗುಣಗಳಿಗೆ ಯಾರನ್ನು ಹಾಕುವುದೆಂದು ನೋಡಿದೆ. ತಾಳ್ಮೆ ಅಂತೂ ನನಗೆ ಬೇಕಾದಷ್ಟಿದೆ.

ಮಾರ್ಚ್ ೯, ಶನಿವಾರ

ಮೇಲಿನ ಹಲಗೆಯಿಂದ ಸಾಣೆಕಲ್ಲು ತೆಗೆಯಲು ಹೋಗಿ ಸ್ಟೂಲಿನಿಂದ ಬಿದ್ದೆ. ಎಡಗೈ ಮಣಿಕಟ್ಟು. ಆರು ವಾರ ಪ್ಲಾಸ್ಟರ್. ಎಡಗೈಯಲ್ಲೇ ನಾನು ಉಳಿ ಹಿಡಿಯುವುದು. ಮುಗಿದಿರುವುದು ಒಂದೇ ಕಲ್ಲು.

ಮಾರ್ಚ್ ೧೨, ಮಂಗಳವಾರ

ಯಂತ್ರದವರನ್ನು ಕೇಳಬಹುದೆಂದರು ನಮ್ಮ ಮನೆಯವರು. ಒಂದು ಕಲ್ಲು ಕೈಯದು, ಒಂಬತ್ತು ಯಂತ್ರದ್ದು ಎಂದರೆ ಕುರುಡರಿಗೂ ಬೆರಳಿಟ್ಟರೆ ತಿಳಿಯುತ್ತದೆ ಅಂದೆ.

ಅವರು, "ಎಡಚನಿಗೆ ನಿಮ್ಮಪ್ಪನ ಅಕ್ಷರ ಬರುತ್ತಲ್ಲ" ಅಂದರು.

"ಅವನು ಬರಲ್ಲ."

"ನಾನು ಕೇಳ್ದೆ. ಬರ್ತೀನಿ ಅಂದ."

ಎರಡು ವರ್ಷದಿಂದ ನಲ್ಲಿಗೆ ಸಿಗದ ಸಮಯ ಇದಕ್ಕೆ ಹೇಗೆ ಸಿಕ್ಕಿತೋ. ಸೇತುವೆಯ ಆಚೆ ಅವನು ಕೆಲಸ ಮಾಡುವ ಕಲ್ಲಂಗಳದವರೆಗೆ ಬಸ್ಸಿನಲ್ಲಿ ಹೋಗಿ ಕೇಳಿಕೊಂಡು ಬಂದಿದ್ದಾರೆ. ಸರಿ, ಬರಲಿ. ಹಳೆಯದನ್ನು ಮನಸ್ಸಿನಲ್ಲಿಟ್ಟುಕೊಳ್ಳುವವಳು ನಾನಲ್ಲ.

ಮಾರ್ಚ್ ೧೪, ಗುರುವಾರ

ಎಡಚ ಬಂದ. ಕಿವಿಯ ಹತ್ತಿರ ಬೆಳ್ಳಗಾಗಿದ್ದಾನೆ. "ಹೇಗಿದೀರಿ ಅಕ್ಕ?" ಅಂದ, ನಿನ್ನೆ ಸಂಜೆ ತಾನೇ ಹೋದವನ ಹಾಗೆ. ನನ್ನ ಪ್ಲಾಸ್ಟರ್ ನೋಡಿದ, ಕಾಗದ ನೋಡಿದ, ಕಲ್ಲಿನ ಮುಂದೆ ಕೂತ.

ಅಮ್ಮ ಮನೆಗೂ ಕಾರ್ಖಾನೆಗೂ ನಡುವಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುವವಳು. ಅವನನ್ನು ಕಂಡದ್ದೇ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. "ನಮಸ್ಕಾರ ಅಮ್ಮ" ಅಂದ. ಅಮ್ಮ ಗೋಡೆಗೆ, "ಇವರ ಕಣ್ಣು ಮಂಜಾಗಿ ಹೋದ ಮೇಲೆ ಕೈಯಾರೆ ಬರೆದ ಕೊನೇ ಕಲ್ಲು ಅದು" ಅಂದಳು. 'ಇವರು' ಎಂದರೆ ಅಪ್ಪ, 'ಅದು' ಎಂದರೆ ಗ್ರಂಥಾಲಯದ ಕಲ್ಲು. ಎಡಚ ತಲೆ ತಗ್ಗಿಸಿ ಉಳಿ ಹದ ಮಾಡಿಕೊಂಡ.

ಕೆಲಸ ಚೆನ್ನಾಗಿದೆ, ಒಪ್ಪಬೇಕು. ನನ್ನಷ್ಟೇ ಚೆನ್ನಾಗಿದೆ. ಒಂದು ವಿಚಿತ್ರ ಅಭ್ಯಾಸ ಮಾಡಿಕೊಂಡಿದ್ದಾನೆ. ಕಲ್ಲಿನ ಅಡಿಗೆ ಕೊಡುವ ಮರದ ಬೆಣೆಯನ್ನು ಕೂರುವ ಮುಂಚೆ ಒಮ್ಮೆ, ಏಳುವ ಮುಂಚೆ ಒಮ್ಮೆ ಬೆರಳಿಂದ ಒತ್ತಿ ನೋಡುತ್ತಾನೆ. ನೀರು ಕುಡಿಯಲು ಎದ್ದರೂ ಅಷ್ಟೇ. ವಯಸ್ಸಾದ ಹೆಂಗಸರು ಬಾಗಿಲ ಬೀಗ ಎಳೆದೆಳೆದು ನೋಡುತ್ತಾರಲ್ಲ, ಹಾಗೆ. "ಬೆಣೆ ಎಲ್ಲೂ ಓಡಿ ಹೋಗಲ್ಲ ಕಣೋ" ಅಂದೆ. ನಕ್ಕ.

ಮಾರ್ಚ್ ೨೧, ಗುರುವಾರ

ಧರ್ಮದವರು ನಾಲ್ವರೂ ನರ್ಸ್ ಜೊತೆ ಬಂದಿದ್ದರು, ಮುಗಿದ ನಾಲ್ಕು ಕಲ್ಲು ನೋಡಲು. ಕಾರ್ಖಾನೆಯಲ್ಲಿ ಇರುವುದು ಎರಡೇ ಸ್ಟೂಲು. ಶಾಸ್ತ್ರಿಗಳೂ ಪಾದ್ರಿಗಳೂ ನೀವು ಕೂತ್ಕೊಳ್ಳಿ ನೀವು ಕೂತ್ಕೊಳ್ಳಿ ಎಂದು ಅಷ್ಟು ಹೊತ್ತು ಹೇಳಿಕೊಂಡರೆಂದರೆ, ಕೊನೆಗೆ ಭಿಕ್ಷುಣಿ ಒಂದರ ಮೇಲೆ ಕೂತು ಆ ಪ್ರಶ್ನೆ ಮುಗಿಸಿದರು.

ಅವರ ವಾದ ಕೇಳಲು ಚೆನ್ನಾಗಿತ್ತು. ಸತ್ಯಕ್ಕೆ ಎದುರಾಗಿ ಅಸತ್ಯ ಎಂದಿದ್ದರೆ ಸಾಕಿತ್ತು ಅಂತ ಶಾಸ್ತ್ರಿಗಳಿಗೆ ಇನ್ನೂ ಸ್ವಲ್ಪ ಬೇಸರವಿದೆ. 'ಸುಳ್ಳು ಸಾಕ್ಷಿ' ಆಗಬೇಕೆಂದು ಹಟ ಹಿಡಿದವರು ಪಾದ್ರಿಗಳು. ಸುಮ್ಮನೆ ಸುಳ್ಳು ಹೇಳುವುದು ಬೇರೆ, ಇನ್ನೊಬ್ಬನ ತಲೆಗೆ ಕಟ್ಟುವ ಸುಳ್ಳು ಬೇರೆ ಅಂದರು. ಭಿಕ್ಷುಣಿಯವರದು ನೇರ ಲೆಕ್ಕ: ಲೋಭಕ್ಕೆ ದಾನ, ದ್ವೇಷಕ್ಕೆ ಮೈತ್ರಿ, ಮೋಹಕ್ಕೆ ಪ್ರಜ್ಞೆ. ಔಷಧಿ ಚೀಟಿ ಬರೆದ ಹಾಗೆ ಹೇಳಿದರು.

ವಿನಯದ ಕಲ್ಲಿನ ಮುಂದೆ ಮೌಲ್ವಿಗಳು ಬಹಳ ಹೊತ್ತು ನಿಂತರು. ಮೆಲ್ಲಗೆ ಮಾತಾಡುವ ಮನುಷ್ಯ, ಗಡ್ಡಕ್ಕೆಲ್ಲ ಕಲ್ಲಿನ ಪುಡಿ ಕೂತಿತ್ತು. "ಗರ್ವ ಅಂದ್ರೆ ಜನ ಒಳ್ಳೆ ಬಟ್ಟೆ, ದೊಡ್ಡ ಮನೆ ಅಂದ್ಕೋತಾರೆ. ಅದಲ್ಲಮ್ಮ. ನಿಜ ಕಣ್ಣೆದುರು ಬಂದಾಗ ಅದನ್ನ ತಳ್ಳಿಬಿಡೋದು, ಎದುರಿಗಿರೋನನ್ನ ಕಡಿಮೆ ಮಾಡಿ ನೋಡೋದು. ಇವೆರಡೇ ಗರ್ವ, ನಮ್ಮವರು ಹೇಳೋ ಪ್ರಕಾರ."

ನಾನು ಎಡಚನ ಕಡೆ ನೋಡಿದೆ. ಅವನು ಬೆಣೆ ಮುಟ್ಟಿ ನೋಡುತ್ತಿದ್ದ.

ಹತ್ತನೆಯ ಕಲ್ಲು ಮಾತ್ರ ಇತ್ಯರ್ಥವಾಗಲಿಲ್ಲ. ಮೇಲೆ 'ಪಶ್ಚಾತ್ತಾಪ' ಎನ್ನುವುದಕ್ಕೆ ನಾಲ್ವರೂ ಒಪ್ಪಿದ್ದಾರೆ. ಕೆಳಗೆ ಏನು? ಹಟ ಎಂದರು ಒಬ್ಬರು, ಕಲ್ಲೆದೆ ಎಂದರು ಇನ್ನೊಬ್ಬರು. ಕಲ್ಲಿನ ಮೇಲೆ ಕಲ್ಲೆದೆ ಅಂತ ಕೆತ್ತೋದು ಚೆನ್ನಾಗಿರಲ್ಲ ಅಂದೆ. ಜಾಗ ಖಾಲಿ ಬಿಟ್ಟು ಹೋಗಿದ್ದಾರೆ.

ಮಾರ್ಚ್ ೨೬, ಮಂಗಳವಾರ

ಇವನು ಯಾಕೆ ಏನೂ ಕೇಳುವುದಿಲ್ಲ? ಹನ್ನೆರಡು ದಿನವಾಯಿತು. ಕಲ್ಲು, ಉಳಿ, ಬಿಸಿಲು, ಮಗಳ ಪರೀಕ್ಷೆ. ಬೇರೆ ಮಾತಿಲ್ಲ. ಒಳಗೊಳಗೇ ನನ್ನನ್ನು ಕಾಯಿಸಿ ನೋಡುತ್ತಿದ್ದಾನೆ. ಕಾಯಲಿ. ತಾಳ್ಮೆಯಲ್ಲಿ ನನ್ನನ್ನು ಗೆಲ್ಲಲಾರ.

ಏಪ್ರಿಲ್ ೧, ಸೋಮವಾರ

ಅಮ್ಮ ದಿನಾ ಮಧ್ಯಾಹ್ನ ಎರಡು ಲೋಟ ಚಹಾ ತರುತ್ತಾಳೆ. ಒಂದು ಅವಳಿಗೆ, ಒಂದು ನನಗೆ. ಕೈ ನಡುಗುತ್ತಿದ್ದರೂ ಅವಳೇ ತರಬೇಕು, ಯಾಕೆಂದರೆ ಎಡಚನ ಮುಂದೆ ಹಾದು ಬಂದು ಅವನಿಗೆ ಕೊಡದೆ ಹೋಗುವುದೇ ಅದರ ಉದ್ದೇಶ. ಅವನು ಫ್ಲಾಸ್ಕ್ ತರುತ್ತಾನೆ. ಮೊದಲ ದಿನದಿಂದ ತರುತ್ತಿದ್ದಾನೆ. ಕೊಡುವುದಿಲ್ಲ ಎಂದು ಗೊತ್ತಿದ್ದೇ ತಂದಿದ್ದಾನೆ ಎನ್ನುವುದು ಇವತ್ತು ನನಗೆ ಹೊಳೆಯಿತು. ಚಹಾ ಕುಡಿಯಲಾಗಲಿಲ್ಲ. ಸಕ್ಕರೆ ಹೆಚ್ಚಾಗಿತ್ತು.

ಇಲ್ಲಿ ಬರೆದರೆ ಯಾರು ಓದುತ್ತಾರೆ. ಬರೆದುಬಿಡುತ್ತೇನೆ.

ಗ್ರಂಥಾಲಯದ ಕಲ್ಲು ಒಡೆದದ್ದು ಮಧ್ಯಾಹ್ನ. ಎಡಚ ಊಟಕ್ಕೆ ಹೋಗಿದ್ದ. ಕಲ್ಲಿನ ಕೆಳಗಂಚಿನ ಒಂದು ಅಕ್ಷರ ನನಗೆ ನೆಟ್ಟಗೆ ಕಂಡಿರಲಿಲ್ಲ, ಅವನು ಬರುವ ಮುಂಚೆ ನಾನೇ ತಿದ್ದಿ ತೋರಿಸಬೇಕೆಂದು ಕಲ್ಲನ್ನು ಒಬ್ಬಳೇ ತಿರುಗಿಸಲು ಹೋದೆ. ಬೆಣೆ ತೆಗೆದೆ. ಮತ್ತೆ ಕೊಡುವ ಮುಂಚೆ ಕಲ್ಲು ವಾಲಿತು. ನಡುವೆ ಬಿರುಕು ಬಿಟ್ಟಿತು. ನಾನು ಒಳಗೆ ಹೋಗಿ ಅಡುಗೆಮನೆಯಲ್ಲಿ ಕೂತೆ. ಅಪ್ಪ ಬಂದು ಕೈಯಿಂದ ತಡವಿ ನೋಡಿ, "ಯಾರು?" ಅಂದರು. "ಬೆಳಗ್ಗೆಯಿಂದ ಅವನೇ ಕೂತಿದ್ದ" ಅಂದೆ. ಅದು ಸುಳ್ಳಲ್ಲ. ಬೆಳಗ್ಗೆಯಿಂದ ಅವನೇ ಕೂತಿದ್ದ.

ಮುಂದಿನ ವರ್ಷ ಅಪ್ಪ ಹೋದರು. ಎಡಚ ಬಂದು ಗೇಟಿನ ಹತ್ತಿರ ನಿಂತಿದ್ದ. ಅಮ್ಮ ಒಳಗೆ ಬಿಡಲಿಲ್ಲ.

ನನಗಾಗ ನಲವತ್ತೇಳು. ಚಿಕ್ಕವಳೇನಲ್ಲ.

ಏಪ್ರಿಲ್ ೩, ಬುಧವಾರ

ಸತ್ಯದ ಕಲ್ಲು ಇವತ್ತು ಮುಗಿಯಿತು. ಕೆಳಸಾಲಿಗೆ ಬಂದಾಗ ಎಡಚ ಕೇಳಿದ: "ಅಕ್ಕ, ಸಾಕ್ಷಿ ಅನ್ನೋದ್ರಲ್ಲಿ ಒತ್ತು ಸ್ವಲ್ಪ ದಪ್ಪ ಆಯ್ತಾ?"

ಅವನ ಮುಖವನ್ನೇ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಒತ್ತು ದಪ್ಪವಾಯಿತಾ ಎನ್ನುವುದಷ್ಟೇ ಇತ್ತು.

"ಸರಿಯಾಗಿದೆ" ಅಂದೆ.

ಏಪ್ರಿಲ್ ೫, ಶುಕ್ರವಾರ

ಮೌಲ್ವಿಗಳು ಒಬ್ಬರೇ ಬಂದಿದ್ದರು, ಹತ್ತನೆಯ ಕಲ್ಲಿಗೆ ಇನ್ನೂ ಪದ ಸಿಕ್ಕಿಲ್ಲ, ಸಮಯ ಎಷ್ಟಿದೆ ಎಂದು ಕೇಳಲು. ಎಡಚ ಆಸ್ಪತ್ರೆಯ ಗೋಡೆಯ ಅಳತೆಗೆ ಹೋಗಿದ್ದ. ಒಂದು ಮಾತು ಕೇಳೋಣವೆಂದು ಕೇಳಿದೆ, ನನ್ನ ಗೆಳತಿಯೊಬ್ಬಳ ವಿಷಯ ಎಂದು. ಯಾರಿಗೋ ಅನ್ಯಾಯ ಮಾಡಿದ್ದಾಳೆ, ದಿನಾ ದೇವರಲ್ಲಿ ಬೇಡಿಕೊಂಡರೆ ಆಗುತ್ತದಾ?

"ದೇವರಿಗೆ ಮಾಡಿದ ತಪ್ಪಾದ್ರೆ ದೇವರ ಹತ್ರ ಮುಗಿಯುತ್ತೆ. ಮನುಷ್ಯನಿಗೆ ಮಾಡಿದ್ದು ಆ ಮನುಷ್ಯನ ಹತ್ರಾನೇ ಹೋಗ್ಬೇಕು."

"ಆ ಸುಳ್ಳನ್ನ ನಂಬ್ಕೊಂಡೇ ಒಬ್ಬರು ತೀರಿಕೊಂಡಿದ್ರೆ? ಇನ್ನು ಹೇಳಿ ಏನು ಪ್ರಯೋಜನ?"

ಮೌಲ್ವಿಗಳು ಟೋಪಿ ತೆಗೆದು ಪುಡಿ ಕೊಡವಿಕೊಂಡರು. "ಅದನ್ನ ನಂಬಿರೋರು ಅವರೊಬ್ಬರೇನಾ? ಬದುಕಿರೋರು ಯಾರೂ ಇಲ್ವಾ ನಿಮ್ಮ ಗೆಳತಿಗೆ?"

ಬಾಗಿಲಲ್ಲಿ ಅಮ್ಮನ ಕುರ್ಚಿ. ಅಮ್ಮ ತೂಕಡಿಸುತ್ತಿದ್ದಳು.

"ಕೇಳಿ ಹೇಳ್ತೀನಿ" ಅಂದೆ. ಹೋಗುವಾಗ ಅವರು, "ನಿಮ್ಮ ಗೆಳತಿಗೆ ನನ್ನ ಸಲಾಂ ಹೇಳಿ" ಅಂದರು.

ಏಪ್ರಿಲ್ ೮, ಸೋಮವಾರ

ಹೇಳಿದೆ. ಇಬ್ಬರ ಮುಂದೆಯೂ, ಚಹಾದ ಹೊತ್ತಿಗೆ. ಮೂರೂ ದಿನ ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದೆ, ಅವು ಯಾವುವೂ ಬರಲಿಲ್ಲ. "ಅಮ್ಮ, ಗ್ರಂಥಾಲಯದ ಕಲ್ಲು ಒಡೆದದ್ದು ನಾನು. ಇವನು ಊಟಕ್ಕೆ ಹೋಗಿದ್ದ. ಬೆಣೆ ತೆಗೆದವಳು ನಾನು" ಅಂದೆ.

ಸುತ್ತಿಗೆಯ ಸದ್ದು ನಿಂತಿತು.

ಅಮ್ಮ ಅಂದಳು, "ನಿಮ್ಮಪ್ಪ ಹೋಗೋವಾಗ ನೀನು ಪಕ್ಕದಲ್ಲೇ ಇದ್ದೆ."

"ಇದ್ದೆ."

"ಆಗ್ಲೂ ಹೇಳ್ಲಿಲ್ಲ."

"ಆಗ್ಲೂ ಹೇಳ್ಲಿಲ್ಲ."

ಅಮ್ಮ ಲೋಟ ಕೆಳಗಿಟ್ಟಳು. ಎಡಚ ಎದ್ದ. ಉಳಿಗಳನ್ನು ಒಂದೊಂದಾಗಿ ಒರೆಸಿ ಬಟ್ಟೆಯಲ್ಲಿ ಸುತ್ತಿದ, ಚೀಲಕ್ಕೆ ಹಾಕಿದ. ನನ್ನನ್ನು ನೋಡಲಿಲ್ಲ. ಹೋದ. ಮೊದಲ ಸಲವೂ ಹೀಗೆಯೇ ಹೋಗಿದ್ದ. ಆದರೆ ಇವತ್ತು ಬೆಣೆ ಮುಟ್ಟಿ ನೋಡಲಿಲ್ಲ.

ಏಪ್ರಿಲ್ ೯, ಮಂಗಳವಾರ

ಬರಲಿಲ್ಲ. ಅಮ್ಮ ಮಾತಾಡುತ್ತಿಲ್ಲ.

ಏಪ್ರಿಲ್ ೧೦, ಬುಧವಾರ

ಬರಲಿಲ್ಲ. ಹೋಗಿ ಕರೆದುಕೊಂಡು ಬರಲಾ ಎಂದರು ನಮ್ಮ ಮನೆಯವರು. ಬೇಡ ಅಂದೆ. ಒಮ್ಮೆ ಬಂದದ್ದೇ ಹೆಚ್ಚು.

ನರ್ಸ್‌ಗೆ ಫೋನ್ ಮಾಡಿ ಹೇಳಿದೆ: ಏಳು ಕಲ್ಲು ಮುಗಿದಿವೆ, ಉಳಿದ ಮೂರಕ್ಕೆ ನನ್ನನ್ನು ನಂಬಬೇಡಿ. ಕೈ ಕಾರಣವಾ ಅಂದರು. ಕೈ ಅಲ್ಲ, ನಾನು ಹಿಂದೆ ಒಬ್ಬ ಕೆಲಸಗಾರನ ಮೇಲೆ ನನ್ನ ತಪ್ಪು ಹೊರಿಸಿದ್ದೆ, ಈಗ ಅವನು ಹೋಗಿದ್ದಾನೆ ಅಂದೆ. "ಶುಕ್ರವಾರದ ತನಕ ನೋಡೋಣ" ಅಂದರು.

ನಮ್ಮ ಮನೆಯವರು ಸಂಜೆ ನಲ್ಲಿ ರಿಪೇರಿ ಮಾಡಿದರು. ಯಾಕೆಂದು ಕೇಳಲಿಲ್ಲ. ಪಕ್ಕದಲ್ಲಿ ನಿಂತು ಬೆಳಕು ಹಿಡಿದೆ.

ಏಪ್ರಿಲ್ ೧೨, ಶುಕ್ರವಾರ

ಬೆಳಗ್ಗೆ ಬಾಗಿಲು ತೆಗೆದಾಗ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಎಷ್ಟು ಹೊತ್ತಿನಿಂದಲೋ.

"ಹಳೇದನ್ನ ಕೆದಕೋಕೆ ನಾನು ಬಂದಿರ್ಲಿಲ್ಲ ಅಕ್ಕ. ಕೆಲಸ ಇದೆ ಅಂತ ಬಂದೆ. ನೀವು ಹೇಳಿದ್ಮೇಲೆ ಕೆಲಸ ಮಾಡೋಕೆ ಆಗ್ಲಿಲ್ಲ."

"ನಿನಗೆ ಗೊತ್ತಿತ್ತು ಅಂದ್ಕೊಂಡಿದ್ದೆ" ಅಂದೆ.

"ಇಲ್ಲ. ನಾನೇ ಅಂದ್ಕೊಂಡಿದ್ದೆ."

ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ಊಟಕ್ಕೆ ಏಳುವಾಗ ಬೆಣೆಯನ್ನು ತಾನೇ ಸಡಿಲ ಬಿಟ್ಟು ಹೋಗಿದ್ದೆ, ಅದಕ್ಕೇ ಕಲ್ಲು ವಾಲಿತು ಎಂದು ಅವನು ನಂಬಿದ್ದ. ಬಿಟ್ಟ ನೆನಪಿರಲಿಲ್ಲ, ಬಿಡದ ನೆನಪೂ ಇರಲಿಲ್ಲ. ಗುರುಗಳ ಕೊನೆಯ ಕಲ್ಲು ಒಡೆದವನು ಏನು ಮಾತಾಡುವುದು ಎಂದು ಸುಮ್ಮನೆ ಹೋದನಂತೆ. ಆಮೇಲೆ ಎರಡು ವರ್ಷ ಉಳಿಯನ್ನೇ ಮುಟ್ಟದೆ ಲಾರಿಗೆ ಕಲ್ಲು ತುಂಬಿದ್ದಾನೆ.

"ಹದಿನಾಲ್ಕು ವರ್ಷ ದಿನಾ ಬೆಣೆ ಮುಟ್ಟಿ ನೋಡಿದೀನಿ ಅಕ್ಕ" ಅಂದ. ಕೋಪವೋ ಅಳುವೋ ನನಗೆ ತಿಳಿಯಲಿಲ್ಲ, ಅವನಿಗೂ ತಿಳಿದಂತಿರಲಿಲ್ಲ.

ಬಿಗುಮಾನ ಎಂದು ಬರೆದಿದ್ದೇನೆ ಇದೇ ಪುಸ್ತಕದಲ್ಲಿ.

ಕ್ಷಮಿಸು ಅಂದೆ. ಈ ಪದ ನಾನು ಬಹಳ ಜನರಿಗೆ ಹೇಳಿದವಳಲ್ಲ, ಸರಿಯಾಗಿ ಹೇಳಿದೆನೋ ಇಲ್ಲವೋ. "ನೋಡೋಣ" ಅಂದ. ಒಳಗೆ ಬಂದು ಎಂಟನೆಯ ಕಲ್ಲಿಗೆ ಕೂತ.

ಮಧ್ಯಾಹ್ನ ಅಮ್ಮ ಎರಡು ಲೋಟ ಚಹಾ ತಂದಳು. ಒಂದು ಅವಳಿಗೆ, ಒಂದು ಅವನಿಗೆ. ಅವನ ಪಕ್ಕಕ್ಕೇ ಕುರ್ಚಿ ಎಳೆಸಿಕೊಂಡು ಕೂತು, ಅಪ್ಪ ಅವನಿಗೆ ಮೊದಲ ಸಲ ಉಳಿ ಕೊಟ್ಟ ದಿನದ ಮಾತೆತ್ತಿದಳು. ನಾನು ಒಳಗೆ ಹೋಗಿ ನನ್ನದನ್ನು ಮಾಡಿಕೊಂಡೆ.

ಏಪ್ರಿಲ್ ೧೬, ಮಂಗಳವಾರ

ಹತ್ತನೆಯ ಕಲ್ಲಿನ ವಿಷಯ ಇವತ್ತು ಮುಗಿಸಿದೆ. ನಾಲ್ವರೂ ನರ್ಸ್ ಅವರ ಕೋಣೆಯಲ್ಲಿ ಸಭೆ ಸೇರಿದ್ದಾರೆಂದು ತಿಳಿದು ಅಲ್ಲಿಗೇ ಫೋನ್ ಮಾಡಿ ಸ್ಪೀಕರ್ ಹಾಕಿಸಿದೆ. "ಪಶ್ಚಾತ್ತಾಪದ ಕೆಳಗೆ 'ಸಮರ್ಥನೆ' ಅಂತ ಹಾಕಿ" ಅಂದೆ.

ಪಶ್ಚಾತ್ತಾಪವಿಲ್ಲದಿರುವುದು ಬೇರೆ, ಸಮರ್ಥನೆ ಬೇರೆ ಎಂದು ಶಾಸ್ತ್ರಿಗಳು ಶುರು ಮಾಡಿದರು. "ಶಾಸ್ತ್ರ ನಿಮಗೆ ಗೊತ್ತು ಸ್ವಾಮಿ. ಇದು ನಂಗೆ ಗೊತ್ತು. ಮನಸ್ಸು ಕಲ್ಲಾಗಿರಲಿಲ್ಲ, ಹಟಾನೂ ಇರಲಿಲ್ಲ. 'ಬೆಳಗ್ಗೆಯಿಂದ ಅವನೇ ಕೂತಿದ್ದ' ಅನ್ನೋ ಒಂದು ವಾಕ್ಯ ಇತ್ತು. ಅದು ನಿಜಾನೂ ಆಗಿತ್ತು. ಅದರ ಮೇಲೇ ಹದಿನಾಲ್ಕು ವರ್ಷ ಮಲಗಿ ನಿದ್ದೆ ಮಾಡಿದೀನಿ" ಅಂದೆ.

ಮೊದಲು ಭಿಕ್ಷುಣಿಯವರು "ಹಾಕಿ" ಅಂದರು. ಪಾದ್ರಿಗಳೂ ಶಾಸ್ತ್ರಿಗಳೂ ಒಪ್ಪಿದರು. ಮೌಲ್ವಿಗಳು, "ಗೆಳತಿ ಹೇಗಿದಾರೆ?" ಎಂದು ಕೇಳಿದರು. ಚೆನ್ನಾಗಿದ್ದಾಳೆ, ಮನೆಯಲ್ಲಿ ಒಬ್ಬರು ಮಾತು ಬಿಟ್ಟಿದ್ದಾರೆ ಅಂದೆ.

ಏಪ್ರಿಲ್ ೨೦, ಶನಿವಾರ

ಪ್ಲಾಸ್ಟರ್ ತೆಗೆದರು. ಕೈ ಸಿಪ್ಪೆ ತೆಗೆದ ಸೌತೆಕಾಯಿಯ ಹಾಗೆ ಬೆಳ್ಳಗೆ ಸಣ್ಣಗಾಗಿದೆ. ಉಳಿ ಹಿಡಿದು ನೋಡಿದೆ, ತುದಿ ನಡುಗುತ್ತದೆ. ಕೊನೆಯ ಕಲ್ಲಿನ ಒಂದು ಅಕ್ಷರವನ್ನಾದರೂ ಮಾಡುತ್ತೇನೆ ಅಂದೆ. "ಬೇಡ ಅಕ್ಕ, ಹಾಳಾಗುತ್ತೆ" ಅಂದ ಎಡಚ. ಅವನು ಹೇಳಿದ್ದು ಸರಿ. ಪುಡಿ ಗುಡಿಸಿ, ನೀರು ಹಾಕಿ ಉಜ್ಜಿ ಕೊಟ್ಟೆ. ಉಜ್ಜುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಏಪ್ರಿಲ್ ೨೭, ಶನಿವಾರ

ಉದ್ಘಾಟನೆ ಆಯಿತು. ಹತ್ತು ಕಲ್ಲೂ ಒಂದೇ ಕೈಯಿಂದ ಬಂದಂತೆ ಕಾಣುತ್ತವೆ. ಅಪ್ಪ ಇದ್ದಿದ್ದರೆ ಬೆರಳಿಂದ ತಡವಿ ನೋಡಿ ಯಾವುದನ್ನೂ ಬೇರೆ ಮಾಡಲಾರದೆ ಹೋಗುತ್ತಿದ್ದರು. ವೈದ್ಯಾಧಿಕಾರಿ ಭಾಷಣದಲ್ಲಿ ನನ್ನೊಬ್ಬಳ ಹೆಸರು ಹೇಳಿದರು. ಎದ್ದು ನಿಂತು, ಒಂಬತ್ತು ಕಲ್ಲು ಇವನದು, ಒಂದು ನನ್ನದು, ಒಂದರಲ್ಲೂ ತಪ್ಪು ಹುಡುಕಲು ಆಗುವುದಿಲ್ಲ ಅಂದೆ. ಎಡಚ ಎಲ್ಲಿ ನೋಡಬೇಕೆಂದು ತಿಳಿಯದೆ ಸೀಲಿಂಗ್ ಫ್ಯಾನ್ ನೋಡಿದ.

ಜನ ಹೋದ ಮೇಲೆ ಒಬ್ಬ ಹೆಂಗಸು ಒಳಗೆ ಬಂದು ಮೂಲೆಯಲ್ಲಿ ಕೂತಳು, ಕೈಯಲ್ಲಿ ಯಾರದೋ ಚಪ್ಪಲಿ ಹಿಡಿದುಕೊಂಡು. ಗೋಡೆಯನ್ನು ನೋಡಲೇ ಇಲ್ಲ. ನಾವು ಸದ್ದಾಗದಂತೆ ಹೊರಗೆ ಬಂದೆವು.

ಬಸ್ಸಿಗೆ ಕಾಯುವಾಗ ಎಡಚ ಹೇಳಿದ, ಕಲ್ಲಂಗಳಕ್ಕೆ ಶಾಲೆಯೊಂದರ ದೊಡ್ಡ ಕೆಲಸ ಬಂದಿದೆ, ಒಬ್ಬನಿಂದ ಆಗುವುದಿಲ್ಲ. "ಕೈ ಗಟ್ಟಿಯಾಗೋ ತನಕ ಅಕ್ಷರ ಬರೆದುಕೊಡಿ. ಸೋಮವಾರ ಎಂಟಕ್ಕೆ ಬನ್ನಿ. ತಡ ಮಾಡಿದ್ರೆ ನಾನು ಶುರು ಮಾಡ್ಬಿಡ್ತೀನಿ."

ನಾನು ಯಾವತ್ತೂ ಒಂಬತ್ತಕ್ಕೆ ಮುಂಚೆ ಕೆಲಸಕ್ಕೆ ಕೂತವಳಲ್ಲ. ಎಂಟಕ್ಕೆ ಅಂದರೆ ಎಂಟಕ್ಕೆ.

ಏಪ್ರಿಲ್ ೨೯, ಸೋಮವಾರ

ಬಸ್ಸಿಗೆ ಇನ್ನೂ ಕಾಲು ಗಂಟೆಯಿದೆ, ನಿಂತುಕೊಂಡೇ ಬರೆಯುತ್ತಿದ್ದೇನೆ. ನಮ್ಮ ಮನೆಯವರು ಏಳೂ ಹತ್ತರದು ಬೇಡ, ಏಳೂ ಇಪ್ಪತ್ತರದು ಸೇತುವೆಯ ಹತ್ತಿರವೇ ನಿಲ್ಲುತ್ತದೆ ಎಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದಾರೆ. ಚೀಲಕ್ಕೆ ಊಟದ ಡಬ್ಬಿ, ಅಳತೆಪಟ್ಟಿ, ಕಾಗದದ ಸುರುಳಿ ಹಾಕಿಕೊಂಡು ಹೊರಟೆ. ಅಮ್ಮ ಬಾಗಿಲಲ್ಲಿ ಕೂತಿದ್ದಳು. ಮೂರು ವಾರವಾಯಿತು ಅವಳು ನನ್ನ ಜೊತೆ ಮಾತು ಬಿಟ್ಟು. ಹೊರಗೆ ಹೊರಟಾಗಲೆಲ್ಲ ಹೇಳುವ ಹಾಗೆ ಇವತ್ತೂ ಹೇಳಿದೆ: "ಅಮ್ಮ, ಹೋಗಿ ಬರ್ತೀನಿ. ಎಡಚನ ಹತ್ರ ಕೆಲಸಕ್ಕೆ."

ಅಮ್ಮ ನನ್ನ ಕೈ ನೋಡಿದಳು, ಚೀಲ ನೋಡಿದಳು.

"ಅವನು ಹೇಳಿದ ಹಾಗೆ ಮಾಡು. ಜಾಸ್ತಿ ಮಾತಾಡ್ಬೇಡ."

ಹೂಂ ಅಂದೆ.